ಎರಡು ಗೆರೆ, ಒಂದು ಚುಕ್ಕಿ

ಹೊಸ ಊರು ಹೇಗಿದೆ ಎಂದು ಕೇಳಿದರೆ ಜನ ಎತ್ತರದ ಕಟ್ಟಡಗಳ ಬಗ್ಗೆ ಹೇಳುತ್ತಾರೆ, ಇಲ್ಲವೇ ಸಮುದ್ರದ ಬಗ್ಗೆ ಹೇಳುತ್ತಾರೆ. ನಮ್ಮಕ್ಕ ಭಾವನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇಲ್ಲಿ ಟವೆಲ್ ಒಣಗಲ್ಲ ಕಣ್ರೀ."

ಪಕ್ಕದಲ್ಲಿ ಕೂತಿದ್ದ ನಾನು ಹಣೆ ಚಚ್ಚಿಕೊಂಡೆ. ಹನ್ನೆರಡು ಗಂಟೆ ರೈಲಿನಲ್ಲಿ ಕೂತು ಬಂದಿದ್ದೇವೆ. ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿದ್ದೇವೆ. ಇವಳಿಗೆ ಕಂಡದ್ದು ಟವೆಲ್!

ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ಕೂತವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಅಕ್ಕ ಹಾಗಲ್ಲ. ನಾನು ಹತ್ತು ಮಾತಾಡಿದರೆ ಅವಳು ಒಂದು ಆಡುತ್ತಾಳೆ. ಆ ಒಂದು ಮಾತಿನ ಅರ್ಥ ನನಗೆ ಹೊಳೆಯಲು ಕೆಲವು ಸಲ ನಾಲ್ಕೈದು ದಿನ ಬೇಕು. ಟವೆಲ್ಲಿನ ಮಾತಿಗೂ ಹಾಗೇ ಆಯಿತು.

ಅಕ್ಕನ ಕೆಲಸ ಏನೆಂದು ಮೊದಲು ಹೇಳಬೇಕು, ಏಕೆಂದರೆ ಅದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮೂರಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ದಾಟಿ ಎಡಕ್ಕೆ ತಿರುಗಿದರೆ ಹಬೆ ಕೋಣೆ. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮುಟ, ಬಟ್ಟೆ ಎಲ್ಲವೂ ಅಲ್ಲಿಗೆ ಬರುತ್ತವೆ. ತೊಳೆದು, ಎಣಿಸಿ, ತಟ್ಟೆಯಲ್ಲಿ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಟೇಪು ಅಂಟಿಸಿ, ಬೀರುವಿನಷ್ಟು ದೊಡ್ಡ ಯಂತ್ರದೊಳಗಿಟ್ಟು ಬಿಸಿ ಹಬೆ ಹಾಯಿಸುತ್ತಾರೆ. ಹೊರಗೆ ಬಂದಾಗ ಒಳಗೆ ಒಂದು ಕ್ರಿಮಿಯೂ ಜೀವದಿಂದ ಇರಬಾರದು. ಹೀಗೆ ಸುತ್ತಿದ್ದಕ್ಕೆ ಅವರು 'ಗಂಟು' ಎನ್ನುತ್ತಾರೆ. ಟೇಪಿನ ಮೇಲೆ ಮಸುಕು ಪಟ್ಟೆಗಳಿರುತ್ತವೆ. ಹಬೆ ತಾಗಿದರೆ ಅವು ಕಪ್ಪಾಗುತ್ತವೆ. ಪಟ್ಟೆ ಕಪ್ಪಾದ ಗಂಟು ಮೇಲಿನ ಮಹಡಿಗೆ ಹೋಗುತ್ತದೆ, ಡಾಕ್ಟರು ಅದನ್ನು ಬಿಚ್ಚುತ್ತಾರೆ, ರೋಗಿ ಉಳಿಯುತ್ತಾನೆ. ಉಳಿದವನು ಡಾಕ್ಟರಿಗೆ ಕೈಮುಗಿಯುತ್ತಾನೆ, ನರ್ಸಿಗೆ ಕೈಮುಗಿಯುತ್ತಾನೆ. ನೆಲಮಾಳಿಗೆಗೆ ಇಳಿದು ಬಂದು ಕೈಮುಗಿದವರನ್ನು ಅಕ್ಕ ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ ನೋಡಲಿಲ್ಲ.

ಆ ಟೇಪಿನ ಮೂಲೆಯಲ್ಲಿ, ಗಂಟು ಕಟ್ಟಿದವರು ಪೆನ್ನಿನಿಂದ ತಮ್ಮದೊಂದು ಗುರುತು ಹಾಕಬೇಕು. ಅಕ್ಕನದು ಎರಡು ಗೆರೆ, ಒಂದು ಚುಕ್ಕಿ. ನಾನೊಮ್ಮೆ, "ಪರವಾಗಿಲ್ವೇ, ಚಿತ್ರ ಬರೆಯೋರು ಸಹಿ ಹಾಕೋ ಹಾಗೆ ಹಾಕ್ತೀಯಲ್ಲ," ಎಂದು ರೇಗಿಸಿದ್ದೆ. ಅವಳು ಕಡ್ಡಿ ಮುರಿದ ಹಾಗೆ, "ಮೆಚ್ಕೊಳೋಕಲ್ಲ ಕಣೇ. ಗಂಟಲ್ಲಿ ತಪ್ಪಿದ್ರೆ ಯಾರದ್ದು ಅಂತ ಹಿಡಿಯೋಕೆ," ಎಂದಳು. ಆ ಎರಡು ಗೆರೆ, ಒಂದು ಚುಕ್ಕಿ ಹಿಡಿದುಕೊಂಡು ಹಬೆ ಕೋಣೆಯ ಬಾಗಿಲಿಗೆ ಇಷ್ಟು ವರ್ಷ ಯಾರೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಎಲ್ಲರಿಗೂ ಅವಳು 'ಹಬೆ ಅಕ್ಕ'.

ನಿವೃತ್ತಿಯಾಗಿ ಐದು ತಿಂಗಳಾಗಿತ್ತು. ಹಳೆಯ ನರ್ಸ್ ಒಬ್ಬರು ಮನೆಗೆ ಬಂದವರು ಮಾತಿಗೆ ಮಾತು ಬಂದು ಹೇಳಿದರು: ಸಮುದ್ರದಾಚೆಯ ಒಂದು ಬಡ ದೇಶದಲ್ಲಿ ಸ್ವಯಂಸೇವಕರು ಆಸ್ಪತ್ರೆ ನಡೆಸುತ್ತಾರೆ. ಹೋದ ವರ್ಷ ಅಲ್ಲಿ ಒಂಬತ್ತು ದಿನ ಒಂದೂ ಆಪರೇಷನ್ ಆಗಲಿಲ್ಲ. ಡಾಕ್ಟರುಗಳು ಇದ್ದರು, ಔಷಧಿ ಇತ್ತು, ಗಂಟು ಕಟ್ಟಲು ಬಲ್ಲವರು ಇರಲಿಲ್ಲ.

ನರ್ಸ್ ಹೋದ ಮೇಲೆ ಅಕ್ಕ ಲೋಟ ತೊಳೆಯುತ್ತಾ, "ನಾನು ಹೋಗ್ಲಾ?" ಎಂದಳು. ಮಾರುಕಟ್ಟೆಗೆ ಹೋಗುವಷ್ಟು ಸಲೀಸಾಗಿ ಕೇಳಿದಳು. ನಾನು ಕೂಗಾಡಿದೆ. ಐವತ್ತೆಂಟು ವಯಸ್ಸು, ಮಂಡಿ ನೋವು, ಊರ ಗಡಿ ದಾಟಿದವಳಲ್ಲ! ಭಾವ ಮಾತ್ರ ಪೇಪರ್ ಮಡಚಿಟ್ಟು, "ಹೋಗಿ ಬಾ. ಅನ್ನ ಮಾಡೋಕೆ ನಂಗೆ ಬರುತ್ತೆ," ಎಂದರು. ಭಾವನಿಗೆ ಅನ್ನ ಮಾಡಲು ಬರುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಹಾಗೆ ನಾವು ಆ ನಗರಕ್ಕೆ ಬಂದದ್ದು. ಆ ಆಸ್ಪತ್ರೆ ನಡೆಸುವ ಸಂಸ್ಥೆಯವರ ತರಬೇತಿ ಅಲ್ಲಿ ಆರು ದಿನ. ಬಂದವರು ಏಳು ಜನ, ಹೋಗುವವರು ಐದೇ ಜನ. ಉಳಿದ ಇಬ್ಬರು ಪೆಟ್ಟಿಗೆ ಹೊತ್ತು ಮನೆಗೆ ವಾಪಸು. ಏಳರಲ್ಲಿ ಅಕ್ಕನೇ ಹಿರಿಯಳು, ಓದಿದ್ದು ಕಡಿಮೆ, ಮಾತು ಇನ್ನೂ ಕಡಿಮೆ. ಒಬ್ಬಳನ್ನೇ ಬಿಡಬಾರದೆಂದು ರಜೆ ಹಾಕಿ ನಾನೂ ಜೊತೆಗೆ ಹೊರಟಿದ್ದೆ. ಬಾಯಿಲ್ಲದವಳಿಗೆ ಬಾಯಾಗಿ ಇರಲಿ ಎಂದು ನನ್ನ ಎಣಿಕೆ.

ನಿಲ್ದಾಣದಿಂದ ಎ.ಸಿ. ಬಸ್ಸು ಹತ್ತಿದೆವು. ಬಸ್ಸು ನಿಂತು, ಬಾಗಿಲು ತೆರೆದು, ಅಕ್ಕ ಕೆಳಗೆ ಕಾಲಿಟ್ಟಳೋ ಇಲ್ಲವೋ, ಅವಳ ಕನ್ನಡಕದ ಮೇಲೆಲ್ಲ ಬೆಳ್ಳಗೆ ಮಂಜು ಕಟ್ಟಿಕೊಂಡಿತು. ಎದುರಿಗೆ ಮೂವತ್ತು ಮಹಡಿಯ ಕಟ್ಟಡ, ಅದರ ಪಕ್ಕದ ಸಂದಿನಲ್ಲಿ ಸಮುದ್ರ. ನಾನು, "ಅಕ್ಕಾ, ನೋಡೇ ಅಲ್ಲಿ!" ಎಂದು ಅವಳ ಭುಜ ಅಲುಗಿಸುತ್ತಿದ್ದೇನೆ, ಅವಳು ಕನ್ನಡಕ ತೆಗೆದು ಗಾಜನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಸೆರಗಿನ ತುದಿಯಿಂದ ಒರೆಸಿದಳು. ಮತ್ತೆ ಮಂಜು ಕಟ್ಟಿತು. "ತಣ್ಣಗಿರೋದನ್ನ ಕಂಡ್ರೆ ಈ ಊರಿನ ಗಾಳಿ ಬೆವರುತ್ತೆ," ಎಂದಳು. ಹಿಂದೆ ಇಳಿಯಲು ಕಾದಿದ್ದವರು ಗೊಣಗತೊಡಗಿದ್ದರಿಂದ ನಾನು ಅವಳನ್ನು ಪಕ್ಕಕ್ಕೆ ಎಳೆದುಕೊಂಡೆ.

ನಮಗೆ ಕೊಟ್ಟ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಎರಡು ಕಬ್ಬಿಣದ ಮಂಚ, ಒಂದು ಮೇಜು, ಒಂದು ಕಿಟಕಿ. ಕಿಟಕಿಯಿಂದ ಎದುರು ಕಟ್ಟಡದ ಬೆನ್ನು ಕಾಣುತ್ತಿತ್ತು: ಸಾಲು ಸಾಲು ಬಾಲ್ಕನಿ, ಬಾಲ್ಕನಿ ತುಂಬ ಬಟ್ಟೆ. ನನಗೆ ಬೇಜಾರಾಯಿತು. ಸಮುದ್ರದ ಕಡೆಯ ಕೋಣೆ ಕೇಳೋಣವೆಂದು ಹೊರಟವಳನ್ನು ಅಕ್ಕ ತಡೆದಳು. ಅವಳಿಗೆ ಆ ಕಿಟಕಿಯೇ ಇಷ್ಟವಾಗಿತ್ತು. "ಆ ಮೂರನೇ ಮನೇಲಿ ಎಳೆ ಕೂಸಿದೆ ನೋಡು. ಅದರ ಮೇಲಿನ ಮನೆಯವನು ಹೋಟೆಲಲ್ಲಿ ಅಡುಗೆ ಮಾಡ್ತಾನೆ, ಏಪ್ರನ್ ಐದಿದೆ. ಈ ಕಡೆ ಮೂಲೇಲಿ ಯಾರೋ ಒಂಟಿ, ಎರಡೇ ಶರಟು." ಬೆಳಿಗ್ಗೆ ಎದ್ದಾಗ ಅದೇ ಏಪ್ರನ್, ಅದೇ ಶರಟು ಅಲ್ಲೇ ನೇತಾಡುತ್ತಿದ್ದವು. ಅಕ್ಕ ತನ್ನ ಮಂಚದ ಸರಳಿಗೆ ಹಾಕಿದ್ದ ಟವೆಲ್ಲನ್ನು ಕೈಯ ಹಿಂಭಾಗದಿಂದ ಮುಟ್ಟಿದಳು. ಇನ್ನೂ ತೇವವಿತ್ತು. ನಮ್ಮೂರಿನಲ್ಲಾದರೆ ಟವೆಲ್ ಅರ್ಧ ಗಂಟೆಯಲ್ಲಿ ಹಪ್ಪಳವಾಗುತ್ತದೆ. ಭಾವನಿಗೆ ಫೋನು ಮಾಡಿ ಆ ಮಾತು ಹೇಳಿದ್ದು ಆಗಲೇ.

ಮೊದಲ ದಿನಗಳಲ್ಲಿ ಅಕ್ಕ ನನ್ನ ಮಾನ ಕಳೆದದ್ದಕ್ಕೆ ಲೆಕ್ಕವಿಲ್ಲ. ರಸ್ತೆ ದಾಟುವಲ್ಲಿ ಸಿಗ್ನಲ್ಲಿನ ಕೆಂಪು ಅಂಕಿ ತೊಂಬತ್ತರಿಂದ ಇಳಿಯುತ್ತದೆ. ಎರಡೂ ಕಡೆ ಒಂದು ಸೈಕಲ್ ಸಹ ಇಲ್ಲ. ಊರವರೆಲ್ಲ ದಾಟಿ ಹೋಗುತ್ತಾರೆ, ಇವಳು ಸೊನ್ನೆ ಬರುವವರೆಗೂ ಗೂಟದ ಹಾಗೆ ನಿಲ್ಲುತ್ತಾಳೆ. "ಯಾರೂ ಇಲ್ವಲ್ಲೇ, ಬಾರೇ," ಎಂದರೆ, "ಅಷ್ಟು ಹೊತ್ತು ಅಂತ ಹಾಕಿದಾರಲ್ಲ," ಎನ್ನುತ್ತಾಳೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ನಿಮ್ಮ ಮನೇಲಿ ಬಟ್ಟೆ ಒಣಗೋಕೆ ಎಷ್ಟು ದಿನ ಹಿಡಿಯುತ್ತೆ?" ಎಂದು ಕೇಳುತ್ತಾಳೆ. ಸೂಟು ಹಾಕಿದ ಒಬ್ಬ ಮನುಷ್ಯ ಪಾಪ, ಯೋಚಿಸಿ, "ಎರಡು ದಿನ," ಎಂದು ಉತ್ತರ ಕೊಟ್ಟ. ನಾನು ಲಿಫ್ಟಿನ ಗೋಡೆಗೆ ಮುಖ ತಿರುಗಿಸಿ ನಿಂತೆ.

ತರಬೇತಿ ನಡೆಸುತ್ತಿದ್ದ ಮೇಡಂ ಚುರುಕು, ಮಾತು ಪಟಪಟ. ಕೆಟ್ಟವರಲ್ಲ, ಆದರೆ ಅವರ ಕೈಯಲ್ಲಿ ಯಾವಾಗಲೂ ಒಂದು ವೇಳಾಪಟ್ಟಿ. ಅವರು ಪ್ರಶ್ನೆ ಕೇಳಿದರೆ ಉಳಿದ ಆರು ಜನ ಕೈ ಎತ್ತುತ್ತಿದ್ದರು, ಅಕ್ಕ ಎತ್ತುತ್ತಿರಲಿಲ್ಲ. ನಾಲ್ಕನೇ ದಿನ ಸಂಜೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಕ್ಕನಿಗೆ ಕೈಕೆಲಸ ಚೆನ್ನಾಗಿದೆ. ಆದ್ರೆ ಅಲ್ಲಿ ಚುರುಕು ಬೇಕು, ನಾಲ್ಕು ಜನದ ಜೊತೆ ಮಾತಾಡ್ಬೇಕು. ಕೊನೆ ದಿನ ನೋಡೋಣ," ಎಂದರು. 'ನೋಡೋಣ' ಎಂದರೆ ಏನೆಂದು ನನಗೆ ಗೊತ್ತು. ಕೌಂಟರಿನಲ್ಲಿ ಕೂತು ನಾನೇ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ಅದು. ಅಕ್ಕನಿಗೆ ಹೇಳಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ನಿಜ, ಆದರೆ ತುಳುಕದ ಕೊಡ ಖಾಲಿ ಎಂದುಕೊಳ್ಳುವವರೂ ಇರುತ್ತಾರಲ್ಲ ಎಂದು ಸಂಕಟವಾಯಿತು.

ಕೊನೆಯ ದಿನ ದೊಡ್ಡ ಪರೀಕ್ಷೆ. ನಿಜವಾದ ಆಪರೇಷನ್ ಕೋಣೆಯ ಹಾಗೆಯೇ ಒಂದು ಕೋಣೆ ಸಜ್ಜು ಮಾಡಿ, ಮೇಜಿನ ಮೇಲೆ ರಬ್ಬರಿನ ಗೊಂಬೆ ಮಲಗಿಸಿದ್ದರು. ಏಳೂ ಜನ ತಮ್ಮ ತಮ್ಮ ಕೆಲಸ ಮಾಡಿ ತೋರಿಸಬೇಕು. ತಂಡದ ಮುಖ್ಯಸ್ಥರಾದ ಹಿರಿಯ ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ. ಅಷ್ಟರಲ್ಲಿ ಅಕ್ಕನ ಹನ್ನೆರಡು ಗಂಟು ತಯಾರಿರಬೇಕು, ಅವಿಲ್ಲದೆ ಉಳಿದವರ ಪರೀಕ್ಷೆ ಶುರುವೇ ಆಗುವುದಿಲ್ಲ. ಅಂದು ಮನೆಯವರೂ ನೋಡಬಹುದು ಎಂದಿದ್ದರು. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ.

ಅಕ್ಕ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಒಂದೇ ಮನೆಯಲ್ಲಿ ಬೆಳೆದಿದ್ದೇವೆ, ಒಂದೇ ಬೀದಿಯಲ್ಲಿ ಸಂಸಾರ ಮಾಡಿದ್ದೇವೆ, ಆದರೂ ನೋಡಿರಲಿಲ್ಲ. ಕತ್ತರಿಗಳನ್ನು ಜೋಡಿಸುವಾಗ ಅವಳ ಕಣ್ಣು ತಟ್ಟೆಯ ಮೇಲಿರಲಿಲ್ಲ, ಬೆರಳೇ ಎಣಿಸುತ್ತಿತ್ತು. ಬಟ್ಟೆಯ ನಾಲ್ಕು ಮೂಲೆ ಮಡಚುವಾಗ ಮೊದಲ ಮೂಲೆಯ ತುದಿಯನ್ನು ಒಂದಿಷ್ಟು ಹೊರಕ್ಕೆ ಬಾಗಿಸುತ್ತಿದ್ದಳು. ಬಿಚ್ಚುವವರು ಅದನ್ನಷ್ಟೇ ಹಿಡಿದರೆ ಸಾಕು, ಒಳಗಿನದು ಕೈಗೆ ತಾಗುವುದಿಲ್ಲ. ಟೇಪು, ಎರಡು ಗೆರೆ, ಒಂದು ಚುಕ್ಕಿ. ಹನ್ನೆರಡೂ ಗಂಟು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ನನ್ನ ಪಕ್ಕದಲ್ಲಿ ಕೂತಿದ್ದವರಿಗೆ, "ನಮ್ಮಕ್ಕ," ಎಂದೆ. ಅವರೇನೂ ನನ್ನನ್ನು ಕೇಳಿರಲಿಲ್ಲ.

ಯಂತ್ರ ನಿಂತಾಗ ಹತ್ತೂವರೆ. ಅಕ್ಕ ಬಾಗಿಲನ್ನು ಬೆರಳು ಹೋಗುವಷ್ಟು ತೆರೆದು, "ಇದರೊಳಗೇ ಇನ್ನೂ ಸ್ವಲ್ಪ ಹೊತ್ತು ಇರ್ಲಿ ಮೇಡಂ, ಆರಬೇಕು," ಎಂದಳು. ಮೇಡಂ ಗಡಿಯಾರ ನೋಡಿದರು. "ಟೈಮಿಲ್ಲಮ್ಮ. ಆ ಸ್ಟೀಲ್ ಮೇಜಿನ ಮೇಲೆ ಇಡಿ, ಎ.ಸಿ. ಕೆಳಗೆ ಬೇಗ ಆರುತ್ತೆ." ಅಕ್ಕ ಆ ಮೇಜಿನ ಮೇಲೆ ಒಮ್ಮೆ ಕೈ ಆಡಿಸಿದಳು. ಆಮೇಲೆ ದಪ್ಪ ಕೈಗವಸು ಹಾಕಿಕೊಂಡು, ಅವರು ಹೇಳಿದ ಹಾಗೆ ಇಟ್ಟಳು.

ಹನ್ನೊಂದಕ್ಕೆ ಐದು ನಿಮಿಷ. ಡಾಕ್ಟರು ಬಂದಾಯಿತು: ನರೆತ ತಲೆ, ಉದ್ದ ಕೈ, ಸಣ್ಣ ದನಿ. ಆರು ಜನ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಮೇಡಂ, "ಗಂಟು ತನ್ನಿ," ಎಂದರು. ಅಕ್ಕ ಮೊದಲ ಗಂಟನ್ನು ಎತ್ತಿ, ತಿರುಗಿಸಿ, ಕೈಯ ಹಿಂಭಾಗದಿಂದ ಅದರ ತಳವನ್ನು ಮುಟ್ಟಿದಳು. ಎರಡನೆಯದನ್ನು ಮುಟ್ಟಿದಳು. ಮೂರನೆಯದು ಮುಟ್ಟಿದ ಮೇಲೆ ಅವಳ ಮುಖ ಬದಲಾಯಿತು. ಎದ್ದು ಹತ್ತಿರ ಹೋದೆ.

"ಏನಾಯ್ತೇ?"

"ತಳ ತೇವ ಇದೆ."

"ಪಟ್ಟೆ ಕಪ್ಪಾಗಿದೆಯಲ್ಲ!"

"ಆಗಿದೆ."

ನಾನು ದನಿ ತಗ್ಗಿಸಿ, "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನೆ ಕೊಟ್ಬಿಡು. ಅಲ್ಲಿ ಮಲಗಿರೋದು ರಬ್ಬರ್ ಗೊಂಬೆ. ಇದು ಬರೀ ಪರೀಕ್ಷೆ," ಎಂದೆ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಕ್ಕ ನನ್ನ ಕಡೆ ನೋಡಿ, "ಗಂಟಿಗೇನು ಗೊತ್ತು ಇದು ಪರೀಕ್ಷೆ ಅಂತ?" ಎಂದಳು. ಆಮೇಲೆ ಒಂದೊಂದಾಗಿ ಟೇಪು ಕಿತ್ತು ಗಂಟು ಬಿಚ್ಚತೊಡಗಿದಳು.

ಮೇಡಂ ಓಡಿ ಬಂದರು. "ಏನ್ರೀ ಮಾಡ್ತಿದೀರಾ! ಎಲ್ಲರೂ ಕಾಯ್ತಿದಾರೆ!" ಅಕ್ಕನ ಕೈ ನಿಲ್ಲಲಿಲ್ಲ. ಹನ್ನೊಂದು ಗಂಟು ಬಿಚ್ಚಿದಳು, ಒಂದನ್ನು ಉಳಿಸಿಕೊಂಡಳು. ಅಷ್ಟರಲ್ಲಿ ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಗೆ ಬಂದು, ಏನು ತೊಂದರೆ ಎಂದು ಕೇಳಿದರು.

"ಗಂಟು ಒದ್ದೆಯಾಗಿವೆ ಸರ್. ಮತ್ತೆ ಕಟ್ಟಿ ಹಬೆಗೆ ಹಾಕ್ಬೇಕು. ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತೆ."

"ಪಟ್ಟೆ ಬಣ್ಣ ಬದಲಾಗಿದೆ ಅಲ್ವಾ?" ಡಾಕ್ಟರು ಟೇಪು ನೋಡುತ್ತಾ ಕೇಳಿದರು.

"ಹಬೆ ಬಂತು ಅಂತ ಪಟ್ಟೆ ಹೇಳುತ್ತೆ ಸರ್. ನೀರು ಹೋಯ್ತು ಅಂತ ಹೇಳೋಕೆ ಅದಕ್ಕೆ ಬರಲ್ಲ." ಅಕ್ಕ ಉಳಿಸಿಕೊಂಡಿದ್ದ ಗಂಟನ್ನು ಮುಂದೆ ಹಿಡಿದಳು. "ಕೈ ಹಿಂದಿಂದ ಮುಟ್ಟಿ ನೋಡಿ, ಅಂಗೈಗೆ ತಿಳಿಯಲ್ಲ. ಒದ್ದೆ ಬಟ್ಟೆ ಹೊರಗಿನ ಕೊಳೇನ ಒಳಗೆ ಎಳ್ಕೊಳುತ್ತೆ. ಈ ಊರಿನ ಗಾಳೀಲಿ ನೀರು ಜಾಸ್ತಿ ಸರ್. ಬಂದ ದಿನವೇ ನನ್ನ ಕನ್ನಡಕ ಹೇಳಿತ್ತು, ಟವೆಲ್ಲೂ ಹೇಳಿತ್ತು. ಬಿಸಿ ಗಂಟನ್ನ ತಣ್ಣನೆ ಸ್ಟೀಲ್ ಮೇಲೆ ಇಟ್ರೆ ತಳ ಬೆವರುತ್ತೆ. ಗೊತ್ತಿದ್ದೂ ಇಟ್ಟೆ. ನನ್ನ ತಪ್ಪು."

ಅಲ್ಲೇ ನಿಂತಿದ್ದ ನನಗೆ ಆಗ ಟವೆಲ್ಲಿನ ಮಾತು ಅರ್ಥವಾಯಿತು. ಊರನ್ನು ನಾನು ನೋಡಿದ್ದೆ, ಅವಳು ಓದಿದ್ದಳು. ಮೇಜಿನ ಮೇಲೆ ಇಡಿಸಿದ್ದು ಯಾರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಒಂದು ನೋಟ ಬೀರಿದಳು, ನುಂಗಿಕೊಂಡೆ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ.

ಡಾಕ್ಟರು ಗಂಟಿನ ತಳಕ್ಕೆ ಕೈಯ ಹಿಂಭಾಗ ತಾಗಿಸಿದರು. ಅವರಿಗೂ ತೇವ ತಿಳಿಯಿತು. ಆಗ ಮೇಡಂ ತಾವಾಗಿಯೇ, "ಮೇಜಿನ ಮೇಲೆ ಇಡ್ಸಿದ್ದು ನಾನು ಸರ್. ಅವರು ಬೇಡ ಅಂದಿದ್ರು," ಎಂದರು. ಅದಕ್ಕೆ ನಾನು ಅವರನ್ನು ಮೆಚ್ಚಿದೆ. ಹಾಗೆ ಹೇಳಲು ಎಲ್ಲರಿಗೂ ಆಗುವುದಿಲ್ಲ.

"ಕಾಯೋಣ," ಎಂದು ಡಾಕ್ಟರು ಸ್ಟೂಲ್ ಎಳೆದುಕೊಂಡು ಅಕ್ಕನ ಎದುರಿಗೇ ಕೂತುಬಿಟ್ಟರು. ಅಕ್ಕ ಒಣ ಬಟ್ಟೆ ತೆಗೆದು ಮೊದಲಿನಿಂದ ಶುರುಮಾಡಿದಳು. ಈ ಸಲ ಗಂಟಿನ ತಳಕ್ಕೂ ಗಾಳಿಯಾಡಲೆಂದು ತಂತಿಯ ಕಪಾಟು ತರಿಸಿ, ಎ.ಸಿ.ಯಿಂದ ದೂರ ಗೋಡೆಗೆ ತಾಗಿಸಿ ಇಡಿಸಿದಳು. ಮಾತೇ ಆಡದವಳು ಎಂದುಕೊಂಡಿದ್ದರಲ್ಲ, ಆ ಒಂದೂ ಮುಕ್ಕಾಲು ಗಂಟೆ ಎಲ್ಲರಿಗೂ ಕೆಲಸ ಹೇಳಿದವಳು ಅವಳೇ. ಮೇಡಂ ಕೂಡ ಬಟ್ಟೆ ಹಿಡಿದು ನಿಂತರು.

ಟೇಪಿನ ಮೇಲೆ ಅವಳು ಗುರುತು ಹಾಕುವುದನ್ನು ಡಾಕ್ಟರು ನೋಡಿ, ಅದೇನೆಂದು ಕೇಳಿದರು.

"ತಪ್ಪು ಸಿಕ್ರೆ ಯಾರದ್ದು ಅಂತ ಹಿಡಿಯೋಕೆ ಸರ್."

"ಎಷ್ಟು ಸಲ ಸಿಕ್ಕಿಹಾಕ್ಕೊಂಡಿದೀರಿ?"

ಅಕ್ಕ ಯೋಚಿಸಿದಳು. "ಇವತ್ತೇ ಮೊದಲು. ನಾನೇ ಹಿಡ್ಕೊಂಡೆ."

ಡಾಕ್ಟರು ಜೋರಾಗಿ ನಕ್ಕರು. ಅಕ್ಕನಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹೆಸರುಗಳನ್ನು ಕೆಳಗೆ ಬೋರ್ಡಿಗೆ ಅಂಟಿಸುತ್ತೇವೆ ಎಂದಿದ್ದರು. ನಾನು ಏಳಕ್ಕೇ ಹೋಗಿ ನಿಂತೆ. ಅಕ್ಕ ಬರಲಿಲ್ಲ, ಪೆಟ್ಟಿಗೆ ಕಟ್ಟುತ್ತಿದ್ದಳು. ಹಿಂದಿನ ದಿನದ ತಡದಿಂದ ಇಬ್ಬರ ಪರೀಕ್ಷೆ ಅರ್ಧಕ್ಕೇ ನಿಂತು ಮರುದಿನಕ್ಕೆ ಮುಂದೂಡಬೇಕಾಗಿತ್ತು. ಅದು ಅವಳ ಮನಸ್ಸಿಗೆ ಚುಚ್ಚಿತ್ತು, ತನ್ನನ್ನು ಮನೆಗೇ ಕಳಿಸುತ್ತಾರೆ ಎಂದುಕೊಂಡಿದ್ದಳು. ಆ ಇಬ್ಬರು ಮುಗಿಸಿ, ಹಾಳೆ ಬೋರ್ಡಿಗೆ ಬಂದಾಗ ಹತ್ತಾಗಿತ್ತು. ಐದು ಹೆಸರು. ಮೊದಲನೆಯದೇ ಅವಳದು. ನಾನು ಲಿಫ್ಟಿಗೆ ಕಾಯಲಿಲ್ಲ, ನಾಲ್ಕು ಮಹಡಿ ಹತ್ತಿಕೊಂಡೇ ಹೋದೆ. ಏದುಸಿರು ಬಿಡುತ್ತಾ, "ಹೋಗ್ತಿದೀಯ ಕಣೇ! ಮೊದಲ ಹೆಸರು!" ಎಂದೆ. ಅವಳು ಮಂಚದ ಮೇಲೆ ಕೂತಳು. ಮಡಚಿ ಪೆಟ್ಟಿಗೆಗೆ ಇಟ್ಟಿದ್ದ ಟವೆಲ್ಲನ್ನು ಹೊರತೆಗೆದು ಅದರಲ್ಲೇ ಕಣ್ಣು ಒರೆಸಿಕೊಂಡಳು. ಅದಿನ್ನೂ ಒಣಗಿರಲಿಲ್ಲ.

ಅವಳು ಹೋಗಿ ಎರಡು ತಿಂಗಳಿಗೆ ಸಂಸ್ಥೆಯವರು ಹದಿನಾರು ಫೋಟೋ ಕಳಿಸಿದರು. ನಾನೂ ಭಾವನೂ ಒಂದೇ ಫೋನಿಗೆ ತಲೆ ತಾಗಿಸಿ ನೋಡಿದೆವು. ಡಾಕ್ಟರು ಇದ್ದರು, ನರ್ಸುಗಳಿದ್ದರು, ಗುಣವಾದ ಮಕ್ಕಳು ಸಾಲಾಗಿ ಕೂತಿದ್ದರು. ಹದಿನಾರರಲ್ಲಿ ಒಂದರಲ್ಲೂ ಅಕ್ಕ ಇಲ್ಲ! ನನಗೆ ಮೈಯೆಲ್ಲ ಉರಿಯಿತು. ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಸಾಲದೆಂದು ಅಲ್ಲಿಯೂ ಇದೇ ಗತಿಯೇ ಎಂದು, ಸಂಸ್ಥೆಗೆ ಕಾಗದ ಬರೆಯಲು ಪೆನ್ನು ತೆಗೆದೆ.

"ಇರಮ್ಮ," ಎಂದು ಭಾವ ಫೋನು ಕಿತ್ತುಕೊಂಡರು. ಒಂಬತ್ತನೆಯ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಒಂದು ಪುಟ್ಟ ಹುಡುಗಿ ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ತಾಯಿಯ ಮಡಿಲಲ್ಲಿ ನಗುತ್ತಿದ್ದಳು. ಅವಳ ಹಿಂದೆ ಅರ್ಧ ತೆರೆದ ಬಾಗಿಲು, ಬಾಗಿಲಾಚೆ ತಂತಿಯ ಕಪಾಟು, ಗೋಡೆಗೆ ತಾಗಿಸಿ ಇಟ್ಟದ್ದು. ಕಪಾಟಿನ ತುಂಬ ಗಂಟುಗಳು, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಮುಂದಿನ ಗಂಟಿನ ಟೇಪಿನ ಮೂಲೆಯಲ್ಲಿ ಎರಡು ಗೆರೆ, ಒಂದು ಚುಕ್ಕಿ. ಭಾವ ಅದರ ಮೇಲೆ ಹೆಬ್ಬೆರಳು ಇಟ್ಟರು.

ಆ ಫೋಟೋವನ್ನು ಈಗ ನನ್ನ ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ. ಬಂದವರೆಲ್ಲ ಮಗುವನ್ನು ನೋಡಿ, "ಎಷ್ಟು ಮುದ್ದಾಗಿದೆ!" ಎನ್ನುತ್ತಾರೆ.

"ಮಗೂನಲ್ಲ, ಹಿಂದೆ ನೋಡಿ," ಎನ್ನುತ್ತೇನೆ.

"ಏನದು? ಬಟ್ಟೆ ಗಂಟಾ?"

"ಹೌದು. ನಮ್ಮಕ್ಕ ಕಟ್ಟಿದ್ದು."